ಶಕುನಿ ಇಲ್ಲದ ಸೋಲು

ಕಳೆದ ಮಳೆಗಾಲದ ಒಂದು ಭಾನುವಾರ ಚಿಕ್ಕಮಗಳೂರಿನ ಕಲ್ಯಾಣ ಮಂಟಪವೊಂದರಲ್ಲಿ ಮಕ್ಕಳ ಚೆಸ್ ಪಂದ್ಯಾವಳಿ ನಡೆಯುತ್ತಿತ್ತು. ನಾಲ್ಕನೇ ಸುತ್ತು. ಕಡೂರಿನ ಕಡೆಯಿಂದ ಬಂದಿದ್ದ ಹತ್ತು ವರ್ಷದ ಹುಡುಗನೊಬ್ಬ ಒಂದು ಆನೆ ಹೆಚ್ಚು ಇಟ್ಟುಕೊಂಡು ಗೆಲ್ಲುವ ಸ್ಥಿತಿಯಲ್ಲಿದ್ದ. ಕುದುರೆಯನ್ನು ಎತ್ತಿ ಮುಂದಿಟ್ಟು ಗಡಿಯಾರ ಒತ್ತಿದ. ಒತ್ತಿದ ಬೆರಳು ಇನ್ನೂ ಗಡಿಯಾರದ ಮೇಲಿರುವಾಗಲೇ ಅವನಿಗೆ ತಿಳಿದುಹೋಯಿತು. ಕುದುರೆ ಬಿಟ್ಟುಬಂದ ಮನೆಯ ಹಿಂದೆ ಅವನ ಮಂತ್ರಿ ನಿಂತಿತ್ತು, ಎದುರಾಳಿಯ ಒಂಟೆಗೆ ಓರೆ ದಾರಿ ಪೂರ್ತಿ ತೆರೆದಿತ್ತು. ಕಿವಿಗಳೆರಡೂ ಕೆಂಪಾದವು. ಎದುರಾಳಿ ಇನ್ನೂ ನೋಡಿರಲಿಲ್ಲ. ಹುಡುಗ ಬೋರ್ಡಿನ ಬೇರೊಂದು ಮೂಲೆಯತ್ತ ಕಣ್ಣು ನೆಟ್ಟು, ಉಸಿರು ಬಿಗಿಹಿಡಿದು ಕುಳಿತ. ಹತ್ತು ಹದಿನೈದು ಸೆಕೆಂಡು ಕಳೆಯಿತು. ಒಂಟೆ ಬಂದು ಮಂತ್ರಿಯನ್ನು ಹೊಡೆಯಿತು.

ಅವನು ಆ ಒಂಟೆಯನ್ನು ಹೊಡೆದ. ಆಮೇಲಿನ ನಡೆಗಳನ್ನು ಯೋಚಿಸದೆ, ಕಾಯಿಗಳನ್ನು ದಬ್ಬಿದಂತೆ ಆಡಿ, ಸೋತು, ಕೈಕುಲುಕಿ ಹೊರಬಂದ. ಮೆಟ್ಟಿಲ ಬಳಿ ಕಾಯುತ್ತಿದ್ದ ತಂದೆ ಏನಾಯಿತೆಂದು ಕೇಳಿದರೆ ಉತ್ತರವಿಲ್ಲ. ತಂದೆಯ ಜೇಬಿನಿಂದ ಮೊಬೈಲ್ ತೆಗೆದುಕೊಂಡು, ಚಪ್ಪಲಿಗಳ ರಾಶಿಯ ಪಕ್ಕದಲ್ಲಿ ಕುಳಿತು, ಮೂರು ನಿಮಿಷದ ಆಟ ಆರಂಭಿಸಿದ. ಅದು ಮುಗಿಯುತ್ತಲೇ ಇನ್ನೊಂದು. ನಾನು ನೋಡುತ್ತಿದ್ದುದನ್ನು ಗಮನಿಸಿ ತಂದೆ ಸಮಾಧಾನದಿಂದ ಹೇಳಿದರು: "ಅಭ್ಯಾಸ ಮಾಡಿಕೊಳ್ಳುತ್ತಾನೆ ಸಾರ್. ಬೇರೆ ಆಟಗಳನ್ನು ಮುಟ್ಟುವುದೂ ಇಲ್ಲ."

ಅದು ಅಭ್ಯಾಸವಲ್ಲ ಎಂದು ನನಗೆ ಗೊತ್ತಿತ್ತು, ಏಕೆಂದರೆ ನಾನೂ ಅದನ್ನೇ ವರ್ಷಗಟ್ಟಲೆ ಮಾಡಿದ್ದೇನೆ.

ಆಲ್ದೂರಿನ ಕಡೆ ನಮಗೆ ಸ್ವಲ್ಪ ರೊಬಸ್ಟಾ ಕಾಫಿ ತೋಟ ಇದೆ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಲೇಬೇಕು. ರಾತ್ರಿಯಿಡೀ ಪಂಪ್ ಓಡುತ್ತದೆ, ಒಂದು ಜಾಗದಲ್ಲಿ ಮೂರ್ನಾಲ್ಕು ಗಂಟೆ ನೀರು ಬಿದ್ದ ಮೇಲೆ ಪೈಪುಗಳನ್ನು ಎತ್ತಿ ಮುಂದಿನ ಜಾಗಕ್ಕೆ ಜೋಡಿಸಬೇಕು. ನಡುವಿನ ಹೊತ್ತು ಕೆರೆಯ ದಂಡೆಯಲ್ಲಿ ಕುಳಿತು ಕಾಯುವುದಷ್ಟೇ ಕೆಲಸ. ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ಹನ್ನೊಂದು ಗಂಟೆಗೆ ಮೊಬೈಲಿನಲ್ಲಿ ಬ್ಲಿಟ್ಜ್, ಅಂದರೆ ಕೆಲವೇ ನಿಮಿಷಗಳ ವೇಗದ ಚೆಸ್, ಆಡತೊಡಗಿದೆ. ಒಂದು ಗಂಟೆಗೆ ಪೈಪು ಬದಲಿಸಬೇಕಿತ್ತು. ಆಗ ನಾನು ಸತತ ಮೂರು ಆಟ ಸೋತಿದ್ದೆ. ಗೆದ್ದು ಏಳೋಣ ಎಂದುಕೊಂಡೆ. ಗೆದ್ದೆ. ಕಳೆದುಕೊಂಡ ರೇಟಿಂಗ್ ಅಂಕಗಳು ಪೂರ್ತಿ ಬರಲಿ ಎಂದುಕೊಂಡೆ. ತಲೆ ಎತ್ತಿದಾಗ ಮೂರೂವರೆ ಗಂಟೆ. ಒಟ್ಟು 41 ಆಟ: 18 ಗೆಲುವು, 22 ಸೋಲು, ಒಂದು ಡ್ರಾ. ನೀರು ಒಂದೇ ಜಾಗದಲ್ಲಿ ಬಿದ್ದು ಚರಂಡಿ ಸೇರಿತ್ತು, ಮುಂದಿನ ಅರ್ಧ ಎಕರೆಗೆ ಸಿಗಲೇ ಇಲ್ಲ. ಬೆಳಿಗ್ಗೆ ಪಂಪ್ ಅನ್ನು ಪಕ್ಕದ ತೋಟದವರಿಗೆ ಒಪ್ಪಿಸಬೇಕಿತ್ತು. ಒಂಬತ್ತು ಹತ್ತು ದಿನಗಳ ಮೇಲೆ ತೋಟವೆಲ್ಲ ಬೆಳ್ಳಗೆ ಹೂವಾಯಿತು, ಆ ಅರ್ಧ ಎಕರೆ ಹಸಿರಾಗಿಯೇ ಉಳಿಯಿತು. ದೂರದ ರಸ್ತೆಯಿಂದಲೂ ಕಾಣುತ್ತಿತ್ತು.

ಈ ಸೆಳೆತ ಎಲ್ಲಿಂದ ಬರುತ್ತದೆ ಎಂದು ಅಂದಿನಿಂದ ಓದುತ್ತಾ, ಗಮನಿಸುತ್ತಾ ಬಂದಿದ್ದೇನೆ. ಆಟದ ಮೇಲಿನ ಪ್ರೀತಿಯೇ ಚಟವಾಗುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಚೆಸ್ ಹಿಡಿದಿಟ್ಟುಕೊಳ್ಳುವುದು ಗೆಲುವಿನ ಸುಖದಿಂದಲ್ಲ, ಸೋಲಿನ ಗುಣದಿಂದ.

ಪಗಡೆಯಲ್ಲಿ ಸೋತ ಧರ್ಮರಾಯನಿಗೆ ಬೈಯಲು ಶಕುನಿ ಇದ್ದ, ದಾಳಗಳಿದ್ದವು, ವಿಧಿ ಇತ್ತು. ತಾಳಮದ್ದಳೆಯಲ್ಲಿ ಇಂದಿಗೂ ಅರ್ಥಧಾರಿಗಳು ಆ ಮೂವರಲ್ಲಿ ತಪ್ಪು ಯಾರದೆಂದು ರಾತ್ರಿಯಿಡೀ ವಾದಿಸಬಲ್ಲರು. ಇಸ್ಪೀಟಿನಲ್ಲಿ ಎಲೆ ಸರಿಯಾಗಿ ಬೀಳಲಿಲ್ಲ ಎನ್ನಬಹುದು. ಕ್ರಿಕೆಟ್‌ನಲ್ಲಿ ಪಿಚ್ ಇದೆ, ಅಂಪೈರ್ ಇದ್ದಾರೆ, ಕ್ಯಾಚ್ ಬಿಟ್ಟ ಗೆಳೆಯನಿದ್ದಾನೆ. ಚದುರಂಗದಲ್ಲಿ ಇಬ್ಬರಿಗೂ ಸಮಾನ ಸೈನ್ಯ, ಎಲ್ಲವೂ ಕಣ್ಣೆದುರೇ ಇದೆ, ಮುಚ್ಚಿಟ್ಟ ಎಲೆ ಒಂದೂ ಇಲ್ಲ. ಸೋತರೆ ಆ ನಡೆಯನ್ನು ಆಡಿದ್ದು ನಾನೇ, ನನ್ನ ಬುದ್ಧಿಯೇ. ಬುದ್ಧಿವಂತರ ಆಟ ಎಂದು ಊರೆಲ್ಲ ಕೊಂಡಾಡುವ ಆಟದಲ್ಲಿ ಸೋತವನು ತನ್ನ ಬಗ್ಗೆ ಏನೆಂದುಕೊಳ್ಳಬೇಕು? ಆ ಪ್ರಶ್ನೆ ಮೈಮೇಲೆ ಉಳಿಯುತ್ತದೆ. ಅದನ್ನು ಒರೆಸಿಹಾಕಲು ತಕ್ಷಣಕ್ಕೆ ಕಾಣುವ ಬಟ್ಟೆ ಇನ್ನೊಂದು ಆಟ.

ಇದು ಕಲಿಯುವವರ ಪಾಡು ಮಾತ್ರವಲ್ಲ. 2025ರ ಜೂನ್‌ನಲ್ಲಿ ನಾರ್ವೆಯ ಸ್ಟಾವಾಂಗರ್‌ನಲ್ಲಿ ಗುಕೇಶ್ ಎದುರು ಗೆಲ್ಲುವ ಸ್ಥಿತಿಯಿಂದ ಸೋತ ಮ್ಯಾಗ್ನಸ್ ಕಾರ್ಲ್‌ಸನ್ ಮುಷ್ಟಿಯಿಂದ ಮೇಜು ಗುದ್ದಿದ್ದನ್ನು ಜಗತ್ತೇ ನೋಡಿತು. ಐದು ಬಾರಿ ವಿಶ್ವ ಚಾಂಪಿಯನ್ ಆದ ಮನುಷ್ಯ ಅವರು, ಅವರಿಗೆ ಸಾಬೀತು ಮಾಡಲು ಏನೂ ಉಳಿದಿರಲಿಲ್ಲ. 2023ರಲ್ಲಿ ವಿಶ್ವ ಚಾಂಪಿಯನ್ ಆದ ಚೀನಾದ ಡಿಂಗ್ ಲಿರೆನ್ ತಾವು ಖಿನ್ನತೆಯಿಂದ ಬಳಲಿದ್ದನ್ನು ಮುಚ್ಚಿಡದೆ ಹೇಳಿಕೊಂಡರು. 1984ರ ಸೆಪ್ಟೆಂಬರ್‌ನಲ್ಲಿ ಮಾಸ್ಕೋದಲ್ಲಿ ಆರಂಭವಾದ ಕಾರ್ಪೋವ್, ಕಾಸ್ಪರೋವ್ ನಡುವಿನ ಪಂದ್ಯ 48 ಆಟಗಳಾದರೂ ಮುಗಿಯದೆ 1985ರ ಫೆಬ್ರವರಿಯಲ್ಲಿ ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ಕಾರ್ಪೋವ್ ಕಣ್ಣಿಗೆ ಕಾಣುವಷ್ಟು ಇಳಿದುಹೋಗಿದ್ದರು. ಕುರ್ಚಿಯ ಮೇಲೆ ಕುಳಿತು ಆಡುವ ಆಟ ಇಷ್ಟು ಕೇಳುತ್ತದೆ.

ಹಾಗಾದರೆ ನಿಜವಾಗಿ ಆಡಬಲ್ಲವರ ತಲೆಯೊಳಗೆ ಏನಿರುತ್ತದೆ? ಒಳ್ಳೆಯ ಆಟಗಾರರು ಇಪ್ಪತ್ತು ನಡೆ ಮುಂದೆ ನೋಡುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಡಚ್ ಮನಶ್ಶಾಸ್ತ್ರಜ್ಞ ಆಡ್ರಿಯಾನ್ ಡಿ ಗ್ರೂಟ್ ಇದನ್ನು 1940ರ ದಶಕದಲ್ಲೇ ಪರೀಕ್ಷಿಸಿದ್ದರು. ಗ್ರ್ಯಾಂಡ್‌ಮಾಸ್ಟರ್‌ಗಳು ಸಾಮಾನ್ಯ ಕ್ಲಬ್ ಆಟಗಾರರಿಗಿಂತ ತೀರಾ ಹೆಚ್ಚು ಆಳಕ್ಕೆ ಲೆಕ್ಕ ಹಾಕುತ್ತಿರಲಿಲ್ಲ, ಆದರೆ ಸರಿಯಾದ ನಡೆ ಅವರ ಕಣ್ಣಿಗೆ ಮೊದಲೇ ಬೀಳುತ್ತಿತ್ತು. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಇನ್ನೊಂದು ಹೆಜ್ಜೆ ಹೋದರು. ನಿಜವಾದ ಆಟದ ಸ್ಥಿತಿಯೊಂದನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರೆ ನುರಿತ ಆಟಗಾರ ಬಹುಪಾಲು ಕಾಯಿಗಳನ್ನು ಸರಿಯಾಗಿ ಜೋಡಿಸಿಬಿಡುತ್ತಾನೆ. ಅವೇ ಕಾಯಿಗಳನ್ನು ಅರ್ಥವಿಲ್ಲದೆ ಚೆಲ್ಲಿ ತೋರಿಸಿದರೆ ಅವನೂ ಹೊಸಬನೂ ಹೆಚ್ಚು ಕಡಿಮೆ ಒಂದೇ. ಅಂದರೆ ಅದು ಹುಟ್ಟಿನಿಂದ ಬಂದ ಅಗಾಧ ನೆನಪಿನ ಶಕ್ತಿಯಲ್ಲ. ಸಂತೆಯ ಜನಜಂಗುಳಿಯಲ್ಲಿ ನಮ್ಮೂರಿನವರ ಮುಖ ತಾನಾಗಿ ಕಣ್ಣಿಗೆ ಬೀಳುವಂತೆ, ಸಾವಿರಾರು ಆಟಗಳಿಂದ ಬಂದ ಪರಿಚಯ.

ನನಗೆ ಇದಕ್ಕಿಂತ ಮುಖ್ಯವೆನಿಸುವುದು 2004ರಲ್ಲಿ ಐರ್ಲೆಂಡಿನ ಮಿಶೆಲ್ ಕೌಲಿ ಮತ್ತು ರೂತ್ ಬರ್ನ್ ಕಂಡುಕೊಂಡದ್ದು. ಒಂದು ನಡೆ ಮನಸ್ಸಿಗೆ ಬಂದಾಗ ಹೊಸಬರು ಅದು ಹೇಗೆ ಫಲಿಸುತ್ತದೆ ಎಂದು ಕಲ್ಪಿಸಿಕೊಳ್ಳುತ್ತಾರೆ. ಎದುರಾಳಿ ತಮಗೆ ಅನುಕೂಲವಾದ ಉತ್ತರವನ್ನೇ ಕೊಡುತ್ತಾನೆ ಎಂದು ಭಾವಿಸುತ್ತಾರೆ. ಮಾಸ್ಟರ್‌ಗಳು ತಮ್ಮ ನಡೆಯನ್ನು ತಾವೇ ಮುರಿಯಲು ನೋಡುತ್ತಾರೆ. ತನ್ನ ವಿಚಾರದ ವಿರುದ್ಧ ತಾನೇ ವಕೀಲನಾಗಿ ನಿಲ್ಲುವ ಈ ಗುಣ ಚೆಸ್ ಕೊಡಬಹುದಾದ ದೊಡ್ಡ ಸಂಪತ್ತು. ಆದರೆ ಅದು ನಿಧಾನವಾಗಿ ಆಡಿ, ಸೋತ ಆಟಗಳನ್ನು ಬಿಚ್ಚಿ ನೋಡಿದಾಗ ಮಾತ್ರ ಬರುತ್ತದೆ. ಮೂರು ನಿಮಿಷದ ಆಟದಲ್ಲಿ ಮೊದಲು ಹೊಳೆದದ್ದನ್ನು ಆಡಲೇಬೇಕು, ಅನುಮಾನಿಸಿದವನು ಹೊತ್ತು ಮುಗಿದು ಸೋಲುತ್ತಾನೆ.

ನುರಿತವರಿಗೂ ಒಂದು ಕುರುಡು ಇದೆ. 2008ರಲ್ಲಿ ಮೆರಿಮ್ ಬಿಲಾಲಿಚ್ ಮತ್ತು ಸಂಗಡಿಗರು ಆಟಗಾರರ ಕಣ್ಣಿನ ಚಲನೆಯನ್ನು ಅಳೆದರು. ಆ ಬೋರ್ಡಿನಲ್ಲಿ ರಾಜನನ್ನು ಕಟ್ಟಲು ಐದು ನಡೆಗಳ ಚಿರಪರಿಚಿತ ದಾರಿಯೊಂದಿತ್ತು, ಮೂರೇ ನಡೆಗಳ ಇನ್ನೊಂದು ದಾರಿಯೂ ಇತ್ತು. ಪರಿಚಿತ ದಾರಿ ಕಂಡವರು ಇನ್ನೂ ಒಳ್ಳೆಯದನ್ನು ಹುಡುಕುತ್ತಿದ್ದೇವೆ ಎಂದು ಹೇಳುತ್ತಿದ್ದರು, ಪ್ರಾಮಾಣಿಕವಾಗಿ ಹಾಗೆಯೇ ನಂಬಿದ್ದರು. ಅವರ ಕಣ್ಣುಗಳು ಮಾತ್ರ ಮೊದಲ ದಾರಿಯ ಮನೆಗಳನ್ನೇ ಸುತ್ತುತ್ತಿದ್ದವು. ಇದನ್ನು ಓದಿದಾಗ ನನಗೆ ಕೆರೆಯ ದಂಡೆಯ ಆ ರಾತ್ರಿ ನೆನಪಾಯಿತು. ಪ್ರತಿ ಆಟದ ಕೊನೆಯಲ್ಲೂ ನಿಲ್ಲಿಸಬೇಕೇ ಬೇಡವೇ ಎಂದು ಯೋಚಿಸುತ್ತಿದ್ದೇನೆ ಎಂದೇ ನಾನು ನಂಬಿದ್ದೆ. ಕಣ್ಣು ಮಾತ್ರ ಹೊಸ ಆಟದ ಗುಂಡಿಯ ಮೇಲೆಯೇ ಇತ್ತು.

ಆ ಗುಂಡಿಯ ಹಿಂದೆ ಒಂದು ಲೆಕ್ಕ ಕೆಲಸ ಮಾಡುತ್ತದೆ. ಅದನ್ನು ತಿಳಿದುಕೊಳ್ಳದೆ ಈ ವಿಷಯ ಅರ್ಥವಾಗುವುದಿಲ್ಲ.

ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅರ್ಪಾದ್ ಇಲೋ ರೂಪಿಸಿದ ರೇಟಿಂಗ್ ಪದ್ಧತಿಯನ್ನು ಅಮೆರಿಕದ ಚೆಸ್ ಸಂಸ್ಥೆ 1960ರಲ್ಲಿ, ವಿಶ್ವ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡವು. ಅದೇ ಜಾತಿಯ ಲೆಕ್ಕ ಈಗ ಮೊಬೈಲ್ ಆಟದಲ್ಲೂ ಇದೆ. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ, ನಿಮ್ಮ ಸಂಖ್ಯೆಗೆ ಹತ್ತಿರದವರನ್ನೇ ನಿಮ್ಮ ಎದುರು ಕೂರಿಸುತ್ತಾರೆ. ನ್ಯಾಯವಾಗಿಯೇ ಇದೆ. ಆದರೆ ಪರಿಣಾಮ ನೋಡಿ: ನೀವು ಚೆನ್ನಾಗಿ ಕಲಿತರೆ ಹೆಚ್ಚು ಬಲವಾದ ಎದುರಾಳಿ ಬರುತ್ತಾನೆ, ಹಿಂದೆ ಬಿದ್ದರೆ ದುರ್ಬಲ ಬರುತ್ತಾನೆ. ಹೊಸಬನಿರಲಿ ನುರಿತವನಿರಲಿ, ಹೆಚ್ಚು ಕಡಿಮೆ ಅರ್ಧ ಗೆಲುವು, ಅರ್ಧ ಸೋಲು. ಮುಂದಿನದು ಗೆಲುವೋ ಸೋಲೋ ಹೇಳಲಾಗದ ಸ್ಥಿತಿಯಲ್ಲಿ ನೀವು ಸದಾ ಇರುತ್ತೀರಿ. ಬಹುಮಾನ ಯಾವಾಗ ಬರುತ್ತದೆಂದು ತಿಳಿಯದಿದ್ದಾಗ ಪ್ರಾಣಿಗಳು ಗುಂಡಿ ಒತ್ತುವುದನ್ನು ಸುಲಭಕ್ಕೆ ಬಿಡುವುದಿಲ್ಲ ಎಂದು ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲಿನ ಪ್ರಯೋಗಗಳಲ್ಲಿ ತೋರಿಸಿದ್ದರು. ಜೊತೆಗೆ, ಕಳೆದುಕೊಂಡ ನೋವು ಅಷ್ಟೇ ಗಳಿಸಿದ ಸುಖಕ್ಕಿಂತ ಸುಮಾರು ಎರಡು ಪಟ್ಟು ತೂಗುತ್ತದೆ ಎಂಬುದು ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್ಸ್ಕಿ ಅವರ ಪ್ರಸಿದ್ಧ ನಿಲುವು. ಅರ್ಧ ಗೆದ್ದು ಅರ್ಧ ಸೋತವನು ಸಮಾಧಾನದಿಂದ ಏಳುವುದಿಲ್ಲ, ಸಾಲ ಉಳಿದವನಂತೆ ಕುಳಿತೇ ಇರುತ್ತಾನೆ.

ಸಾಲ ಎಷ್ಟು? ಅಂದು ರಾತ್ರಿ ನಾನು 32 ಅಂಕ ಕಳೆದುಕೊಂಡಿದ್ದೆ. ಒಂದು ಗೆಲುವಿಗೆ ಎಂಟು ಅಂಕ ಬಂದು, ಒಂದು ಸೋಲಿಗೆ ಎಂಟು ಹೋಗುತ್ತಿತ್ತು. ಬಹಳ ದಿನಗಳ ಮೇಲೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಆಡುವ ಬದಲು 41 ಸಲ ನಾಣ್ಯ ಚಿಮ್ಮಿ, ಹೆಡ್ ಬಿದ್ದರೆ ಎಂಟು ಕೂಡಿಸಿ, ಬೀಳದಿದ್ದರೆ ಎಂಟು ಕಳೆದಿದ್ದರೂ ಮೊತ್ತ 50 ಅಂಕದಷ್ಟು ಆಚೀಚೆ ಹೋಗುವುದು ತೀರಾ ಸಹಜ. ನನ್ನ ಆಟ ಅಂದು ಕೆಟ್ಟಿರಲೂ ಇಲ್ಲ, ಸುಧಾರಿಸಿರಲೂ ಇಲ್ಲ. ಅರ್ಥವೇ ಇಲ್ಲದ ಒಂದು ಏರಿಳಿತವನ್ನು ಸರಿಪಡಿಸಲು ಹೋಗಿ ತೋಟದ ಹೂವು ಕಳೆದುಕೊಂಡೆ. ಇದನ್ನು ಪ್ರತಿ ಮಗುವಿಗೂ, ಪ್ರತಿ ತಂದೆ ತಾಯಿಗೂ ಕಾಗದದ ಮೇಲೆ ಬರೆದು ತೋರಿಸಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಹಾಗೆಂದು ಚದುರಂಗದ ಸೆಳೆತವೆಲ್ಲ ಕೇಡಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ ಕುದುರೆಯೊಂದು 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಬಂಧಗಳನ್ನು ರಚಿಸುವುದರಲ್ಲಿ ಮುಳುಗಿರುತ್ತಿದ್ದರು. ಅಲ್ಲಿ ಎದುರಾಳಿ ಇಲ್ಲ, ರೇಟಿಂಗ್ ಇಲ್ಲ, ಕುದುರೆಯ ವಕ್ರ ನಡೆಯ ಬೆರಗು ಮಾತ್ರ. ಒಂದು ಅಂತ್ಯದಾಟದ ಸಮಸ್ಯೆಯನ್ನು ಮೂರು ದಿನ ತಲೆಯಲ್ಲಿಟ್ಟುಕೊಂಡು ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ ತಿರುವಿ ಹಾಕಿದವರಿಗೆ ಆ ಸುಖ ಗೊತ್ತು. ಅದು ಮನುಷ್ಯನನ್ನು ದಣಿಸುತ್ತದೆ, ತೃಪ್ತಿಯನ್ನೂ ಕೊಡುತ್ತದೆ. ಆಟದ ಬೆರಗಿಗೆ ಸಿಕ್ಕಿಬಿದ್ದವನು ಬೋರ್ಡು ಮುಚ್ಚಿ ಊಟಕ್ಕೆ ಏಳಬಲ್ಲ. ಸಂಖ್ಯೆಗೆ ಸಿಕ್ಕಿಬಿದ್ದವನಿಗೆ ಏಳಲಾಗುವುದಿಲ್ಲ. ಹೊರಗಿನಿಂದ ನೋಡುವವರಿಗೆ ಇಬ್ಬರೂ ಚೆಸ್ ಆಡುತ್ತಿರುವಂತೆಯೇ ಕಾಣುತ್ತಾರೆ.

ತೊಂದರೆ ಇರುವುದೇ ಇಲ್ಲಿ. ಮಗ ರಾತ್ರಿ ಒಂದು ಗಂಟೆಯವರೆಗೆ ಗುಂಡು ಹಾರಿಸುವ ಆಟ ಆಡಿದರೆ ಮನೆಯಲ್ಲಿ ರಂಪವಾಗುತ್ತದೆ. ಅದೇ ಹೊತ್ತಿಗೆ ಚೆಸ್ ಆಡಿದರೆ ತಾಯಿ ಹಾಲು ತಂದು ಕೊಡುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಮೊಬೈಲುಗಳಲ್ಲಿ ಹಬ್ಬಿದ ಚೆಸ್, 2024ರ ಸೆಪ್ಟೆಂಬರ್‌ನಲ್ಲಿ ಬುಡಾಪೆಸ್ಟ್ ಒಲಿಂಪಿಯಾಡ್‌ನಲ್ಲಿ ನಮ್ಮ ಎರಡೂ ತಂಡಗಳು ಚಿನ್ನ ಗೆದ್ದ ಮೇಲೆ, ಅದೇ ಡಿಸೆಂಬರ್‌ನಲ್ಲಿ 18ರ ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲೆ ಮನೆಮನೆಯ ಕನಸಾಗಿದೆ. ಹೆಮ್ಮೆಯ ವಿಷಯವೇ. ಗಣಿತಕ್ಕೆ ಒಳ್ಳೆಯದು ಎಂಬ ನಂಬಿಕೆಯೂ ಇದರ ಜೊತೆ ಸೇರಿಕೊಂಡಿದೆ. ಇಂಗ್ಲೆಂಡಿನ 100 ಪ್ರಾಥಮಿಕ ಶಾಲೆಗಳಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ದೊಡ್ಡ ಪ್ರಯೋಗದಲ್ಲಿ, ಚೆಸ್ ಕಲಿತ ಮಕ್ಕಳ ಗಣಿತದ ಅಂಕಗಳಲ್ಲಿ ಒಂದು ವರ್ಷದ ಮೇಲೆ ಯಾವ ಹೆಚ್ಚಳವೂ ಕಾಣಲಿಲ್ಲ. ಚೆಸ್ ಅನ್ನು ಚೆಸ್‌ಗಾಗಿ ಕಲಿಸಬೇಕು, ಗಣಿತದ ಟಾನಿಕ್ ಎಂದು ಕುಡಿಸಬಾರದು.

ಕಾನೂನಿನ ಕಣ್ಣೂ ಇತ್ತ ಬೀಳುವುದಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು. ರಮ್ಮಿಯಲ್ಲಿ ಮನೆ ಕಳೆದುಕೊಂಡವರನ್ನು ಕಂಡವರಾರೂ ಅದನ್ನು ವಿರೋಧಿಸಲಾರರು. ಚೆಸ್ ಕೇಳುವುದು ಹಣವನ್ನಲ್ಲ, ಹೊತ್ತನ್ನು. ಹೊತ್ತು ಕಳೆದುಕೊಂಡವನ ಮೇಲೆ ಯಾರೂ ದೂರು ಬರೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಡಿಜಿಟಲ್ ಆಟಗಳ ಚಟವನ್ನು ಕಾಯಿಲೆಯೆಂದು ಸೇರಿಸಿದೆ. ಆಟದ ಮೇಲೆ ಹಿಡಿತ ತಪ್ಪಬೇಕು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗಬೇಕು, ಹಾನಿ ಕಂಡರೂ ಬಿಡಲಾಗಬಾರದು, ಇದೆಲ್ಲ ಸಾಮಾನ್ಯವಾಗಿ ಒಂದು ವರ್ಷ ಮುಂದುವರಿದಿರಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗಾಗಿಯೇ 2014ರಿಂದ ಶಟ್ ಕ್ಲಿನಿಕ್ ಇದೆ. ರಾತ್ರಿ ಹತ್ತು ಆಟ ಹೆಚ್ಚು ಆಡಿದವರೆಲ್ಲ ರೋಗಿಗಳಲ್ಲ, ಮಕ್ಕಳಿಗೆ ಆ ಹಣೆಪಟ್ಟಿ ಕಟ್ಟುವುದು ತಪ್ಪು. ಆದರೆ ಆಟದ ಹೆಸರು ಚೆಸ್ ಎಂಬ ಒಂದೇ ಕಾರಣಕ್ಕೆ ಈ ಪ್ರಶ್ನೆಗಳನ್ನು ಕೇಳದೇ ಬಿಡುವುದೂ ಅಷ್ಟೇ ತಪ್ಪು.

ಹಿಂದೆ ಈ ಆಟಕ್ಕೆ ತನ್ನದೇ ಆದ ತಡೆಗಳಿದ್ದವು. ಜಗುಲಿಯಲ್ಲಿ ಆಡಿದರೆ ಎದುರಾಳಿ ಮನೆಗೆ ಹೋಗಲೇಬೇಕು, ದನ ಕಟ್ಟಬೇಕು. ಮತ್ತೆ ಆಡಬೇಕೆಂದರೆ 32 ಕಾಯಿಗಳನ್ನು ಕೈಯಾರೆ ಜೋಡಿಸಬೇಕು, ಅಷ್ಟರಲ್ಲಿ ಬಿಸಿ ಆರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸೋತವನೂ ಗೆದ್ದವನೂ ಕುಳಿತು ಎಲ್ಲಿ ಕೆಟ್ಟಿತೆಂದು ಮಾತಾಡುತ್ತಿದ್ದರು. ಆ ಮಾತಿನಲ್ಲಿ ಸೋಲು ನನ್ನ ಬುದ್ಧಿಯ ತೀರ್ಪಾಗಿ ಉಳಿಯದೆ 23ನೇ ನಡೆಯ ತಪ್ಪಾಗಿ ಬದಲಾಗುತ್ತಿತ್ತು. ಸಿಂಗಪುರದಲ್ಲಿ ನಡೆದ ಆ ವಿಶ್ವ ಚಾಂಪಿಯನ್ ಪಂದ್ಯದ 14ನೇ ಆಟದಲ್ಲಿ ಡಿಂಗ್ ಆನೆಯನ್ನು ತಪ್ಪು ಮನೆಗಿಟ್ಟು ಪಟ್ಟ ಕಳೆದುಕೊಂಡ ಬಳಿಕ ಗುಕೇಶ್ ಮಾಡಿದ್ದನ್ನು ನೆನಪಿಸಿಕೊಳ್ಳಿ. ಅಳುತ್ತಲೇ ಕಾಯಿಗಳನ್ನೆಲ್ಲ ಒಂದೊಂದಾಗಿ ಅವುಗಳ ಮನೆಗಳಲ್ಲಿ ಜೋಡಿಸಿಟ್ಟರು. ಮೊಬೈಲ್ ಈ ಕೆಲಸವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತಾನೇ ಮಾಡಿಕೊಡುತ್ತದೆ. ಅದರಿಂದ ನಮಗಾದ ನಷ್ಟ ಸಣ್ಣದಲ್ಲ.

ನಾನೀಗ ಮೊಬೈಲಿನಲ್ಲಿ ಆಡುವುದು ಅರ್ಧ ಗಂಟೆಯ ಆಟ ಮಾತ್ರ. ಸೋತರೆ ಆ ಆಟವನ್ನು ಮರದ ಬೋರ್ಡಿನ ಮೇಲೆ ಕೈಯಿಂದ ಆಡಿ ನೋಡದೆ ಇನ್ನೊಂದನ್ನು ಮುಟ್ಟುವುದಿಲ್ಲ. ಎಂಜಿನ್, ಅಂದರೆ ಚೆಸ್ ಲೆಕ್ಕ ಹಾಕುವ ಕಂಪ್ಯೂಟರ್, ಹೇಳುವ ಉತ್ತರವನ್ನು ಕೊನೆಗೆ ನೋಡುತ್ತೇನೆ. ಇಷ್ಟು ಸಾಕಾಯಿತು ಎಂದೇನೂ ಅಲ್ಲ, ಸೋತ ರಾತ್ರಿ ಕೈ ಈಗಲೂ ಹುಡುಕುತ್ತದೆ.

ಆ ಭಾನುವಾರ ನನ್ನ ಚೀಲದಲ್ಲಿ ಮಡಿಸುವ ಬೋರ್ಡು ಇತ್ತು. ಮೆಟ್ಟಿಲ ಮೇಲೆ ಅದನ್ನು ಬಿಡಿಸಿ, ಕುದುರೆ ಎತ್ತಿದ ಗಳಿಗೆಯನ್ನು ತೋರಿಸುತ್ತೀಯಾ ಎಂದು ಹುಡುಗನನ್ನು ಕೇಳಿದೆ. ಕೈಯಲ್ಲಿದ್ದ ಆಟ ಮುಗಿಯುವವರೆಗೆ ತಲೆ ಎತ್ತಲಿಲ್ಲ. ಆಮೇಲೆ ಮೊಬೈಲ್ ತಂದೆಗೆ ಕೊಟ್ಟು, ಒಂದು ಕ್ಷಣವೂ ತಡವರಿಸದೆ ಅಷ್ಟೂ ಕಾಯಿಗಳನ್ನು ಇಟ್ಟುಬಿಟ್ಟ. ಅಷ್ಟರಲ್ಲಿ ಅವನನ್ನು ಸೋಲಿಸಿದ ಹುಡುಗನೂ ಬಂದು ಪಕ್ಕದಲ್ಲಿ ಕುಳಿತ. ಮಂತ್ರಿ ಹೋಗಿ, ಒಂಟೆ ಬಂದ ಮೇಲೆ ಲೆಕ್ಕ ಹಾಕಿ ಎಂದೆ. ಮಂತ್ರಿಗೆ ಒಂಬತ್ತು, ಒಂಟೆಗೆ ಮೂರು, ಮೊದಲೇ ಹೆಚ್ಚಿದ್ದ ಆನೆಗೆ ಐದು. ಸೋತ ಹುಡುಗ ಬೆರಳು ಮಡಿಸಿ ಎಣಿಸಿ, ಮತ್ತೊಮ್ಮೆ ಎಣಿಸಿದ. ಅವನು ಹಿಂದಿದ್ದುದು ಒಂದು ಕಾಲಾಳಿನಷ್ಟು ಮಾತ್ರ.

"ನೀನು ಇನ್ನೂ ಸ್ವಲ್ಪ ಹೊತ್ತು ಯೋಚಿಸಿದ್ದರೆ ನಾನು ಡ್ರಾ ಕೇಳಬೇಕು ಎಂದುಕೊಂಡಿದ್ದೆ," ಎಂದ ಗೆದ್ದ ಹುಡುಗ.